ಮೂವತ್ತಮೂರು ಅಡಿ ಅಗಲದ ಮೂರು ಪಟ್ಟೆ: ಶಿವಮೊಗ್ಗದ ಅಂಚಿನ ಒಂದು ಜಮೀನು, ಒಂದು ಕರಡು ನಕ್ಷೆ

ಜಮೀನು 1 ಎಕರೆ 10 ಗುಂಟೆ. ಅಗಲ 99 ಅಡಿ, ಉದ್ದ 550 ಅಡಿ. ಲೆಕ್ಕ ಸುಲಭವಾಗಲಿ ಅಂತ ಸೊಟ್ಟ ಅಂಚುಗಳನ್ನು ಇಲ್ಲಿ ನೇರ ಮಾಡಿಕೊಂಡಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಮೂವರು ಅಣ್ಣತಮ್ಮಂದಿರು ಇದನ್ನು ಉದ್ದಕ್ಕೆ ಸೀಳಿ ಪಾಲು ಮಾಡಿಕೊಂಡರು. ಒಬ್ಬೊಬ್ಬರಿಗೆ 33 ಅಡಿ ಅಗಲ, 550 ಅಡಿ ಉದ್ದದ ಪಟ್ಟೆ. ಅಂದರೆ 16 ಗುಂಟೆ ಚಿಲ್ಲರೆ.

ಪೇಟೆಯವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಅಡ್ಡಕ್ಕೆ ಕತ್ತರಿಸಿದ್ದರೆ ಒಳ್ಳೆಯ ಆಕಾರದ ಮೂರು ತುಂಡು ಸಿಗುತ್ತಿತ್ತಲ್ಲ? ಗದ್ದೆ ಮಾಡಿದವರು ಹಾಗೆ ಕೇಳುವುದಿಲ್ಲ. ಜಮೀನಿನ ಮುಂದೆ ಬಂಡಿ ದಾರಿ ಇದೆ. ದಾರಿಯ ಪಕ್ಕದಲ್ಲೇ ತುಂಗಾ ಚಾನಲ್‌ನ ತೂಬಿನಿಂದ ಬರುವ ಹೊಲಗಾಲುವೆ. ಹಿಂದಿನ ತಗ್ಗಿನಲ್ಲಿ ಬಸಿಗಾಲುವೆ. ದಾರಿ, ನೀರು ಬರುವ ಜಾಗ, ನೀರು ಹೋಗುವ ಜಾಗ, ಈ ಮೂರೂ ಮೂವರಿಗೂ ಸಿಗಬೇಕಾದರೆ ಉದ್ದಕ್ಕೇ ಸೀಳಬೇಕು. ಆ ಕಾಲಕ್ಕೆ ಅದು ಬುದ್ಧಿವಂತ ಪಾಲು.

ಹಳ್ಳಿ ಶಿವಮೊಗ್ಗದ ಅಂಚಿನದು. ಹಳ್ಳಿ, ಸರ್ವೆ ನಂಬರ್, ಕಚೇರಿ ಯಾವುದರ ಹೆಸರನ್ನೂ ಬರೆಯುತ್ತಿಲ್ಲ. ನಾನು ಲೇಔಟ್ ನಕ್ಷೆ ಮಾಡಿಕೊಡುವ ಕೆಲಸದವನು. ಈ ಮೂವರ ಕಾಗದಪತ್ರ ನನ್ನ ಮೇಜಿಗೆ ಬಂದಿದ್ದು ಪರಿಷ್ಕೃತ ಮಹಾಯೋಜನೆಯ, ಅಂದರೆ ಊರಿನ ಹೊಸ ಮಾಸ್ಟರ್ ಪ್ಲಾನಿನ, ಕರಡು ಹೊರಬಿದ್ದಾಗ.

ಹಸಿರಿನಿಂದ ಹಳದಿಗೆ

ನಮ್ಮ ರಾಜ್ಯದಲ್ಲಿ ಯಾವ ಜಾಗದಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಬರೀ ಬೇಸಾಯ ಎಂದು ಗೆರೆ ಹಾಕುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ. ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಬೇಸಾಯಕ್ಕೆ ತಿಳಿ ಹಸಿರು. ನಕ್ಷೆಯ ಜೊತೆಗೆ ವಲಯ ನಿಯಮಾವಳಿ ಇರುತ್ತದೆ. ಯಾವ ಬಣ್ಣದಲ್ಲಿ ಏನು ಕಟ್ಟಬಹುದು, ಎಷ್ಟು ಜಾಗ ಬಿಡಬೇಕು, ರಸ್ತೆ ಎಷ್ಟು ಅಗಲ ಇರಬೇಕು ಎಲ್ಲ ಅದರಲ್ಲಿರುತ್ತದೆ. ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಇದನ್ನು ಪರಿಷ್ಕರಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಕರಡು ಪ್ರಕಟವಾದ ಮೇಲೆ ಜನರ ಆಕ್ಷೇಪಣೆ, ಸಲಹೆಗೆ 60 ದಿನ.

ಈ ಹತ್ತು ವರ್ಷದಲ್ಲಿ ಶಿವಮೊಗ್ಗ ಎಷ್ಟು ಹಿಗ್ಗಿದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದರ ರನ್‌ವೇ 3,200 ಮೀಟರ್. ವಿಮಾನ ಹತ್ತುವವರು ಎಷ್ಟು ಜನವೋ, ವಿಮಾನದ ಹೆಸರು ಹೇಳಿ ಸೈಟು ಮಾರುವವರಂತೂ ಜಾಸ್ತಿಯಾದರು. ಒಂದು ಕಾಲಕ್ಕೆ ಊರ ಹೊರಗೆ ಅನ್ನಿಸುತ್ತಿದ್ದ ಗಾಡಿಕೊಪ್ಪ, ನವುಲೆ ಈಗ ಊರೊಳಗೇ ಇವೆ.

ಹಳೆಯ ನಕ್ಷೆಯಲ್ಲಿ ಅಣ್ಣತಮ್ಮಂದಿರ ಜಮೀನು ಹಸಿರಿನಲ್ಲಿತ್ತು. ಕರಡಿನಲ್ಲಿ ಹಳದಿಯಾಯಿತು. ಜೊತೆಗೆ ಇನ್ನೊಂದು ಸಂಗತಿ. ಜಮೀನಿನ ಹಿಂಬದಿಗೆ 18 ಮೀಟರ್ ಅಗಲದ ಪ್ರಸ್ತಾವಿತ ರಸ್ತೆಯ ಗೆರೆ ಬಿದ್ದಿತ್ತು. ಗ್ರಾಮ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಗೆರೆ ಸರಿಯಾಗಿ ಬಸಿಗಾಲುವೆಯ ಮೇಲೆ ಕೂತಿತ್ತು. ಆಕಾಶದಿಂದ ತೆಗೆದ ಚಿತ್ರದಲ್ಲಿ ಬೇಸಿಗೆಯ ಬಸಿಗಾಲುವೆ ಖಾಲಿ ಪಟ್ಟೆಯಂತೆ ಕಾಣುತ್ತದೆ. ಮನೆ ಇಲ್ಲ, ಮರ ಇಲ್ಲ, ಉದ್ದಕ್ಕೆ ನೇರವಾಗಿದೆ. ರಸ್ತೆ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಮೂವರ ಮೂರು ದಾರಿ

ಹಿರಿಯರು ಊರಲ್ಲೇ ಇದ್ದಾರೆ. ತಮ್ಮ ಪಟ್ಟೆಗೆ ಅಡಿಕೆ ಹಾಕಿದ್ದಾರೆ, ಫಸಲು ಬರುತ್ತಿದೆ. ನಡುವಿನವರಿಗೆ ಪೇಟೆಯಲ್ಲಿ ಸಣ್ಣ ಅಂಗಡಿ. ಮಗಳ ಮದುವೆ ಎದುರಿಗಿದೆ, ದುಡ್ಡು ಬೇಕು. ಕಿರಿಯವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಅವಸರವೇನೂ ಇಲ್ಲ. ಆದರೆ 60 ಅಡಿ ರಸ್ತೆ ಬಂದರೆ ಒಳ್ಳೆಯದೇ ಅನ್ನುವವರು.

ಹಿರಿಯರ ಮೊದಲ ಮಾತು, “ಹಳದಿ ಮಾಡಿದ್ರಂತಲ್ಲ, ಇನ್ನು ತೋಟ ಕಡೀಬೇಕಾ ಸಾರ್?”

ಕಡಿಯಬೇಕಿಲ್ಲ. ಇದನ್ನು ಎಷ್ಟು ಜನಕ್ಕೆ ಹೇಳಿದರೂ ಸಾಲದು. ವಸತಿ ವಲಯ ಅಂದರೆ ಮನೆ ಕಟ್ಟಲು ಅವಕಾಶ ಇದೆ ಎಂದು ಮಾತ್ರ ಅರ್ಥ, ಕಟ್ಟಲೇಬೇಕು ಎಂದಲ್ಲ. ಈಗಿರುವ ತೋಟ ಹಾಗೇ ಮುಂದುವರಿಯಬಹುದು. ಹಳದಿಯಾದ ಮಾತ್ರಕ್ಕೆ ಪಹಣಿಯಲ್ಲಿ ಜಮೀನಿನ ಸ್ವರೂಪವೂ ತಾನಾಗಿ ಬದಲಾಗುವುದಿಲ್ಲ. ಅದಕ್ಕೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಬೇರೆಯೇ ಪ್ರಕ್ರಿಯೆ ಇದೆ. ಎಲ್ಲರೂ ಕನ್ವರ್ಷನ್ ಅನ್ನುವುದು ಇದನ್ನೇ.

ರಸ್ತೆ ಗೆರೆಯದ್ದೂ ಅದೇ ಕಥೆ. ಗೆರೆ ಬಿದ್ದ ದಿನವೇ ಜಮೀನು ಕೈಬಿಟ್ಟಿತು ಎಂದು ಹಿರಿಯರು ಹೆದರಿದ್ದರು. ಗೆರೆ ಮಾಲೀಕತ್ವವನ್ನು ಬದಲಿಸುವುದಿಲ್ಲ. ಯೋಜನಾ ಕಾಯ್ದೆಯ 69ನೇ ಕಲಮಿನ ಪ್ರಕಾರ ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿದ ಜಾಗವನ್ನು ಐದು ವರ್ಷದೊಳಗೆ ಪಡೆಯದಿದ್ದರೆ ಆ ಗುರುತು ಬಿದ್ದುಹೋಗುತ್ತದೆ. ಆದರೆ ಐದು ವರ್ಷ ಆ ಜಾಗದಲ್ಲಿ ಏನೂ ಮಾಡಲಾಗದೆ ಕೂರುವುದು ಸಣ್ಣ ಮಾತಲ್ಲ. ರಸ್ತೆಗೆ ಜಾಗ ಬಿಟ್ಟುಕೊಟ್ಟರೆ ದುಡ್ಡಿನ ಬದಲು ಟಿಡಿಆರ್, ಅಂದರೆ ಬೇರೆ ಕಡೆ ಹೆಚ್ಚುವರಿಯಾಗಿ ಕಟ್ಟುವ ಹಕ್ಕು, ಪಡೆಯಲು ಕಾನೂನಿನಲ್ಲಿ ದಾರಿ ಇದೆ. ಬೆಂಗಳೂರಲ್ಲಿ ಅದಕ್ಕೆ ಬೆಲೆ ಇರಬಹುದು. ನಮ್ಮ ಕಡೆ ಎರಡು ಅಂತಸ್ತು ಎಬ್ಬಿಸಿದರೆ ಜನಕ್ಕೆ ತೃಪ್ತಿ. ಹೆಚ್ಚುವರಿ ಅಂತಸ್ತಿನ ಹಕ್ಕನ್ನು ಯಾರು ಕೊಳ್ಳುತ್ತಾರೆ?

ಲೆಕ್ಕ

ನಡುವಿನವರು ಕೇಳಿದ್ದು ಒಂದೇ ಪ್ರಶ್ನೆ. “ನನ್ನ ಭಾಗಕ್ಕೆ ಮಾತ್ರ ಲೇಔಟ್ ಅಪ್ರೂವಲ್ ಮಾಡಿಸಿಕೊಡಿ.”

ಖಾಸಗಿ ಬಡಾವಣೆಗೆ ಸಾಮಾನ್ಯವಾಗಿ ಇರುವ ನಿಯಮ ಇದು. ಸೈಟಿಗೆ ಹೆಚ್ಚೆಂದರೆ ಶೇ 55. ಪಾರ್ಕಿಗೆ ಶೇ 10. ನಾಗರಿಕ ಸೌಲಭ್ಯಕ್ಕೆ, ಅಂದರೆ ಸಿಎ ಸೈಟಿಗೆ, ಶೇ 5. ಉಳಿದದ್ದು ರಸ್ತೆಗೆ, ರಸ್ತೆಯ ಅಗಲ 9 ಮೀಟರ್‌ಗಿಂತ ಕಡಿಮೆ ಇರಬಾರದು. 9 ಮೀಟರ್ ಅಂದರೆ ಸುಮಾರು 30 ಅಡಿ. ಅವರ ಪಟ್ಟೆಯ ಅಗಲ 33 ಅಡಿ. ರಸ್ತೆ ಹಾಕಿದರೆ ಉಳಿಯುವುದು ಮೂರು ಅಡಿ. ಹೂವಿನ ಕುಂಡ ಇಡಬಹುದು.

9 ಮೀಟರ್ ಜಾಸ್ತಿಯಾಯಿತು, ಕಡಿಮೆ ಮಾಡಿ ಎನ್ನುವ ಕೂಗು ಪ್ರತಿ ಪರಿಷ್ಕರಣೆಯಲ್ಲೂ ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಎರಡು ಬದಿ ಚರಂಡಿ, ಕರೆಂಟ್ ಕಂಬ, ನೀರಿನ ಪೈಪು, ಮನೆ ಮುಂದೆ ನಿಲ್ಲುವ ಕಾರು ಇವೆಲ್ಲ ಕಳೆದ ಮೇಲೆ ಅಗ್ನಿಶಾಮಕದ ಗಾಡಿ ನುಗ್ಗಬೇಕು. ಹಳೇ ಬಡಾವಣೆಗಳ ಸಂದಿಗಳಲ್ಲಿ ಅದರ ಕಷ್ಟ ಕಾಣುತ್ತದೆ. ಇಲ್ಲಿ ತೊಂದರೆ ಕೊಡುತ್ತಿರುವುದು ರಸ್ತೆಯ ಅಗಲ ಅಲ್ಲ, ಒಬ್ಬೊಬ್ಬರ ಪಟ್ಟೆಯನ್ನು ಒಂದೊಂದು ಬಡಾವಣೆ ಎಂದು ನೋಡುವುದು.

ಮೂವರೂ ಸೇರಿದರೆ ಏನಾಗುತ್ತದೆ ನೋಡಿ. ಒಟ್ಟು 54,450 ಚದರಡಿ. ನಡುವೆ 30 ಅಡಿ ರಸ್ತೆ ಎಳೆದರೆ 16,500 ಚದರಡಿ ಹೋಯಿತು. ರಸ್ತೆಯ ಎರಡೂ ಬದಿಗೆ ಮೂವತ್ನಾಲ್ಕೂವರೆ ಅಡಿ ಆಳ ಉಳಿಯುತ್ತದೆ. ಪಾರ್ಕ್, ಸಿಎ ಎರಡಕ್ಕೂ ಶೇ 15 ಬಿಟ್ಟರೆ ಉದ್ದದಲ್ಲಿ 118 ಅಡಿಯಷ್ಟು ಹೋಗುತ್ತದೆ. ಉಳಿದ 432 ಅಡಿಯಲ್ಲಿ 30 ಅಡಿ ಮುಂಭಾಗದ 14 ಸೈಟು ಒಂದು ಬದಿಗೆ, 14 ಇನ್ನೊಂದು ಬದಿಗೆ. ಒಟ್ಟು 28. ಒಂದೊಂದು ಸಾವಿರದ ಮೂವತ್ತೈದು ಚದರಡಿ. 30×40ರ ಸೈಟಿಗಿಂತ ಸ್ವಲ್ಪ ಸಣ್ಣದು, ಅಷ್ಟೇ. ಶೇ 55ರ ಮಿತಿಯೊಳಗೇ ಬರುತ್ತದೆ.

ಒಂಟಿಯಾಗಿ ಸೊನ್ನೆ, ಮೂವರೂ ಸೇರಿದರೆ 28.

ಹಿರಿಯರು ತೋಟ ಕೊಡುವುದಿಲ್ಲ ಎಂದರು. ಸರಿ, ಇಬ್ಬರದೇ 66 ಅಡಿ ಅಗಲಕ್ಕೆ ಲೆಕ್ಕ ಹಾಕಿದೆ. ಅದೇ ರಸ್ತೆಗೆ ಈಗ ಒಂದೇ ಬದಿ ಸೈಟು. ರಸ್ತೆಯೇ ಶೇ 45 ನುಂಗುತ್ತದೆ. ಸಿಗುವುದು 13 ಸೈಟು. ಇಬ್ಬರಿಗೆ ಹಂಚಿದರೆ ತಲಾ ಆರೂವರೆ. ಮೂವರೂ ಸೇರಿದ್ದರೆ ತಲಾ ಒಂಬತ್ತು ದಾಟುತ್ತಿತ್ತು. ಅಲ್ಲದೆ ಈ ಇಬ್ಬರು ತಮ್ಮ ಜಾಗದಲ್ಲಿ ಹಾಕಿದ ರಸ್ತೆ ಹಿರಿಯರ ತೋಟದ ಬೇಲಿಗೆ ತಾಗಿಕೊಂಡು ಹೋಗುತ್ತದೆ. ನಾಳೆ ಹಿರಿಯರ ಮಕ್ಕಳು ಸೈಟು ಮಾಡಿದರೆ ಅವರಿಗೆ ಪುಕ್ಕಟೆ ರಸ್ತೆ. ಇದನ್ನು ಕಿರಿಯವರು ಫೋನಿನಲ್ಲೇ ಥಟ್ಟನೆ ಹಿಡಿದರು. “ಹಂಗಾದ್ರೆ ಅಣ್ಣ ಏನೂ ಬಿಡದೆ ಎಲ್ಲ ತಗೊಂಡಂಗಾಯ್ತಲ್ಲ!”

ಅಷ್ಟರಲ್ಲಿ ಬ್ರೋಕರ್ ಬಂದ

ಬ್ರೋಕರ್ ಹೇಳಿದ್ದು ಸಲೀಸಾದ ದಾರಿ. ನಡುವಿನವರ ಪಟ್ಟೆಯ ಒಂದು ಅಂಚಿಗೆ 12 ಅಡಿ ದಾರಿ. ಉಳಿದ 21 ಅಡಿ ಅಗಲದಲ್ಲಿ 40 ಅಡಿಗೊಂದು ಗೂಟ. ಒಟ್ಟು 13 ಸೈಟು. ಪಾರ್ಕು ಬೇಡ, ಸಿಎ ಬೇಡ, ಕನ್ವರ್ಷನ್ ಬೇಡ. ಕೊಂಡವರ ಹೆಸರು ಪಹಣಿಗೆ ಜಂಟಿಯಾಗಿ ಸೇರಿಸಿದರಾಯಿತು. ರೆವಿನ್ಯೂ ಸೈಟು ಅಂತ ನಾವು ಕರೆಯುವುದು ಇದನ್ನೇ.

ನ್ಯಾಯವಾಗಿ ಹೋದರೆ ಇಬ್ಬರಿಂದ 13. ಅಡ್ಡದಾರಿಯಲ್ಲಿ ಒಬ್ಬರಿಂದಲೇ 13. ನಿಯಮ ಬರೆಯುವವರು ಈ ಎರಡು ಸಂಖ್ಯೆಯನ್ನು ಎದುರುಬದುರು ಇಟ್ಟು ನೋಡಬೇಕು. ಅಕ್ರಮ ಬಡಾವಣೆ ಬೆಳೆಯುವುದಕ್ಕೆ ಜನರ ದುರಾಸೆ ಕಾರಣ ಎನ್ನುವುದು ಸುಮ್ನೆ ಅರ್ಧ ಮಾತು. 33 ಅಡಿ ಪಟ್ಟೆಯವನಿಗೆ ನ್ಯಾಯದ ದಾರಿಯೇ ಇಲ್ಲದಾಗ ಅವನು ಹೋಗುವುದಾದರೂ ಎಲ್ಲಿಗೆ?

ಕೊಳ್ಳುವವರಿಗೆ ಬ್ರೋಕರ್ ಕೊಡುವ ಧೈರ್ಯ ಯಾವಾಗಲೂ ಒಂದೇ: “ಮುಂದೆ ಸಕ್ರಮ ಆಗತ್ತೆ ಬಿಡಿ.” ಇದರ ಇತಿಹಾಸ ಗೊತ್ತಿರಲಿ. 2013ರ ಅಕ್ಟೋಬರ್ 19ಕ್ಕೆ ಮುಂಚಿನ ಉಲ್ಲಂಘನೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಲು 2014ರಲ್ಲಿ ನಿಯಮ ಬಂತು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಂದಿನ ತಿಂಗಳೇ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಸರ್ಕಾರ ಪಟ್ಟಣಗಳ ಅನಧಿಕೃತ ಬಡಾವಣೆಗಳ ಸ್ವತ್ತುಗಳಿಗೆ ಬಿ ಖಾತೆ ಕೊಡುವ ಅಭಿಯಾನ ನಡೆಸಿತು. ಬಿ ಖಾತೆಯಿಂದ ತೆರಿಗೆ ಕಟ್ಟಬಹುದು, ಆಸ್ತಿಗೊಂದು ದಾಖಲೆ ಸಿಗುತ್ತದೆ. ಆದರೆ 12 ಅಡಿ ದಾರಿ ಅದರಿಂದ 30 ಅಡಿ ಆಗುವುದಿಲ್ಲ. ಮಳೆ ನೀರಿಗೆ ಜಾಗವೂ ಸಿಗುವುದಿಲ್ಲ.

ಮಳೆ ನೀರು ಅಂದೆನಲ್ಲ, ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ.

ಐದು ಲಕ್ಷ ಲೀಟರ್

ಗದ್ದೆಯ ಬದು ಒಳಗೆ ನಾಲ್ಕು ಇಂಚು ನೀರು ನಿಂತಿದೆ ಅಂದುಕೊಳ್ಳಿ. ನಾಟಿ ಕಾಲದಲ್ಲಿ ಅದು ಮಾಮೂಲಿ. 54,450 ಚದರಡಿಗೆ ನಾಲ್ಕು ಇಂಚು ಅಂದರೆ 18,150 ಘನ ಅಡಿ. ಲೀಟರ್ ಲೆಕ್ಕದಲ್ಲಿ ಐದು ಲಕ್ಷ ದಾಟುತ್ತದೆ. ಈ ಒಂದೂಕಾಲು ಎಕರೆ ಗದ್ದೆ ಯಾವ ಖರ್ಚೂ ಇಲ್ಲದೆ ಅಷ್ಟು ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಸಿಗಾಲುವೆಗೆ ಬಿಡುತ್ತಿತ್ತು. ಅಲ್ಲೇ 28 ಮನೆ, ಸಿಮೆಂಟ್ ಅಂಗಳ, ಡಾಂಬರು ಬಂದರೆ ಅದೇ ನೀರು ಒಂದು ಜೋರು ಮಳೆಗೆ ಒಟ್ಟಿಗೇ ಓಡುತ್ತದೆ. ಸುತ್ತಲಿನ 12 ಎಕರೆಯೂ ಹಳದಿಯಾಗಿದೆ. ಅಷ್ಟಕ್ಕೂ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 50 ಲಕ್ಷ ಲೀಟರ್.

ಅದೆಲ್ಲ ಹೋಗಬೇಕಾದ ಬಸಿಗಾಲುವೆಯ ಮೇಲೆ ಕರಡಿನಲ್ಲಿ ರಸ್ತೆ!

2019ರ ಆಗಸ್ಟ್ ಶಿವಮೊಗ್ಗದವರಿಗೆ ಮರೆತಿಲ್ಲ. ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದ ಮಳೆ ಗಾಜನೂರು ದಾಟಿ ಬಂದು ತುಂಗೆ ಉಕ್ಕಿದಳು, ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಅದು ಹೊಳೆ ತಂದ ನೀರು. ಊರ ಅಂಚಿನ ಹೊಸ ಬಡಾವಣೆಗಳ ಕಷ್ಟ ಬೇರೆ. ಅಲ್ಲಿ ಹೊಳೆ ಬರಬೇಕಿಲ್ಲ. ತಮ್ಮದೇ ಸೂರಿನ ನೀರು ಹೋಗಲು ದಾರಿ ಇಲ್ಲದೆ ತಮ್ಮ ಮನೆಗೇ ವಾಪಸ್ ಬರುತ್ತದೆ.

ಯಾಕೆ ಹೀಗಾಗುತ್ತದೆ? ಗದ್ದೆ ಇದ್ದಾಗ ಕಾಲುವೆಗೆ ವಾರಸುದಾರರಿದ್ದರು. ಮಳೆಗಾಲಕ್ಕೆ ಮೊದಲು ರೈತರೇ ಹೂಳು ಎತ್ತುತ್ತಿದ್ದರು. ಎತ್ತದಿದ್ದರೆ ಅವರದೇ ಸಸಿ ಕೊಳೆಯುತ್ತಿತ್ತು. ಗದ್ದೆ ಸೈಟಾದ ಮೇಲೆ ಹೊಲಗಾಲುವೆ ಯಾರಿಗೂ ಬೇಡ. ಅದರ ಜೊತೆ ಬಸಿಗಾಲುವೆಯನ್ನೂ ಬೇಡದ್ದು ಎಂದೇ ಲೆಕ್ಕ ಹಿಡಿಯುತ್ತಾರೆ. ನಿಜವಾಗಿ ನೀರು ತರುವ ಕಾಲುವೆಯ ಕೆಲಸ ಮುಗಿದಿರುತ್ತದೆ, ನೀರು ಹೊರಹಾಕುವ ಕಾಲುವೆಗೆ ಆಗಲೇ ಜಾಸ್ತಿ ಕೆಲಸ ಶುರುವಾಗಿರುತ್ತದೆ. ಕರಡು ಪರಿಶೀಲಿಸುವಾಗ ಒಬ್ಬ ಅಧಿಕಾರಿ ಕೇಳಿದ ಪ್ರಶ್ನೆ ಇದನ್ನೇ ತೋರಿಸಿತು. “ಈ ಕಾಲುವೆ ಯಾವ ಇಲಾಖೆದು?” ನೀರಾವರಿಯವರನ್ನು ಕೇಳಿದರೆ ಅಚ್ಚುಕಟ್ಟು ಹೋದ ಮೇಲೆ ನಮ್ಮದಲ್ಲ ಅನ್ನುತ್ತಾರೆ, ಪಂಚಾಯಿತಿಯವರು ಚರಂಡಿ ಮಾತ್ರ ನಮ್ಮದು ಅನ್ನುತ್ತಾರೆ. ನಮ್ಮ ಬಳಿ ಇದ್ದ ಆಧಾರ ಕಂದಾಯದ ದಾಖಲೆ ಒಂದೇ. ಗ್ರಾಮ ನಕ್ಷೆಯಲ್ಲಿ ಕಾಲುವೆಯ ಗೆರೆ ಇತ್ತು. ಪಹಣಿಯಲ್ಲಿ ಬಿ ಖರಾಬು ಎಂದು ಅಷ್ಟು ಗುಂಟೆ ನಮೂದಾಗಿತ್ತು. ಬಿ ಖರಾಬು ಸಾರ್ವಜನಿಕ ಬಳಕೆಯ ಜಾಗ, ಯಾರ ಸ್ವಂತದ್ದೂ ಅಲ್ಲ.

ಎಷ್ಟು ಎನ್ನುತ್ತದೆ, ಎಲ್ಲಿ ಎನ್ನುವುದಿಲ್ಲ

ಮೂವರೂ ಮೂರು ಆಕ್ಷೇಪಣೆ ಬರೆದುಕೊಂಡು ಬಂದಿದ್ದರು. ಒಬ್ಬರದು ರಸ್ತೆ ಬೇಡ, ಒಬ್ಬರದು ರಸ್ತೆ ಬೇಕು, ಇನ್ನೊಬ್ಬರದು ರಸ್ತೆ ಅಗಲ ಕಡಿಮೆ ಮಾಡಿ. ಮೂರನ್ನೂ ಬದಿಗಿಟ್ಟು ಒಂದೇ ಆಕ್ಷೇಪಣೆ ಬರೆದೆವು. ಗ್ರಾಮ ನಕ್ಷೆಯ ದೃಢೀಕೃತ ಪ್ರತಿ, ಪಹಣಿ, ಮಳೆಗಾಲದಲ್ಲಿ ಬಸಿಗಾಲುವೆ ತುಂಬಿ ಹರಿಯುವ ಫೋಟೊ ಲಗತ್ತಿಸಿದೆವು. ಕೇಳಿದ್ದು ಎರಡು. ಮೊದಲನೆಯದು, ಹಿಂದಿನ ರಸ್ತೆಯನ್ನು ಬಸಿಗಾಲುವೆಯ ಮೇಲಿಂದ ಸರಿಸಿ ಅದರ ಆಚೆ ದಂಡೆಗೆ ಹಾಕಬೇಕು.

ಎರಡನೆಯದು ನಿಯಮಾವಳಿಗೆ ಸಂಬಂಧಿಸಿದ್ದು, ನನಗೆ ಹೆಚ್ಚು ಆಸೆ ಇದ್ದದ್ದು ಇದರ ಮೇಲೆ. ಪಾರ್ಕಿಗೆ ಶೇ 10 ಬಿಡಿ ಎಂದು ನಿಯಮ ಹೇಳುತ್ತದೆ. ಎಲ್ಲಿ ಬಿಡಬೇಕು ಎಂದು ಹೇಳುವುದಿಲ್ಲ. ಹಾಗಾಗಿ ಪ್ರತಿ ಲೇಔಟಿನವನೂ ಸೈಟಿಗೆ ಬಾರದ ಮೂಲೆ ತುಂಡನ್ನು ಪಾರ್ಕ್ ಅನ್ನುತ್ತಾನೆ. ಈ ಜಮೀನಿನಲ್ಲಿ ಪಾರ್ಕ್ 5,445 ಚದರಡಿ ಬರುತ್ತದೆ. ಸಿಎ ಸೈಟು 2,722. ಒಂದು ಅಂಗನವಾಡಿ ಕಟ್ಟಬಹುದು, ಅಷ್ಟೇ. ಪಕ್ಕದ ಲೇಔಟಿನಲ್ಲಿ ಇಂಥದ್ದೇ ಇನ್ನೊಂದು ತುಂಡು. ಹತ್ತು ಪಾರ್ಕ್ ಇದ್ದರೂ ಮಕ್ಕಳು ಕ್ರಿಕೆಟ್ ಆಡುವುದು ರಸ್ತೆಯಲ್ಲೇ. ಅದೇ 12 ಎಕರೆಯನ್ನು ಒಟ್ಟಿಗೆ ಯೋಚಿಸಿದ್ದರೆ ಶೇ 10 ಅಂದರೆ 48 ಗುಂಟೆ. ಈ ಮೂವರ ಇಡೀ ಜಮೀನಿನಷ್ಟು ದೊಡ್ಡ ಬಯಲು!

ನಾವು ಕೇಳಿದ್ದು ಅಷ್ಟು ದೊಡ್ಡದನ್ನೂ ಅಲ್ಲ. ಜಮೀನು ಬಸಿಗಾಲುವೆಗೆ ತಾಗಿದ್ದರೆ ಪಾರ್ಕಿನ ಜಾಗವನ್ನು ಕಾಲುವೆ ಬದಿಗೇ ಬಿಡಬೇಕು ಎಂದು ನಿಯಮದಲ್ಲಿ ಒಂದು ಸಾಲು ಸೇರಿಸಿ ಎಂದೆವು. ಯಾರೂ ಹೆಚ್ಚಿಗೆ ಜಾಗ ಕಳೆದುಕೊಳ್ಳುವುದಿಲ್ಲ. ಬಿಡಲೇಬೇಕಾದ ಶೇ 10 ಮುಂದೆ ಬದಲು ಹಿಂದೆ ಹೋಗುತ್ತದೆ. ಒಂದರ ಪಕ್ಕ ಒಂದು ಲೇಔಟ್ ಹೀಗೆ ಬಿಡುತ್ತಾ ಹೋದರೆ ಕಾಲುವೆಯ ಉದ್ದಕ್ಕೂ ಖಾಲಿ ಪಟ್ಟೆ ಉಳಿಯುತ್ತದೆ. ಹೂಳು ತೆಗೆಯುವ ಯಂತ್ರಕ್ಕೆ ದಾರಿ, ಉಕ್ಕಿದ ನೀರಿಗೆ ಜಾಗ, ಬೆಳಿಗ್ಗೆ ವಾಕಿಂಗ್ ಮಾಡುವವರಿಗೆ ನೆರಳು. ಕಾಲುವೆಯ ಅಂಚಿನಿಂದ ಎಷ್ಟು ಮೀಟರ್ ಬಿಡಬೇಕು ಎನ್ನುವ ಜಗಳ ಹಳೆಯದು. ಬೆಂಗಳೂರಿನ ಕೆರೆಗಳಿಗೆ 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಅಂದಿತ್ತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸಣ್ಣ ಹಿಡುವಳಿಯವನಿಗೆ ಮೀಟರ್ ಲೆಕ್ಕದ ನಿಷೇಧಕ್ಕಿಂತ ಈ ದಾರಿ ಹಗುರ.

ಪಟ್ಟೆ ಜಮೀನುಗಳನ್ನು ಕೂಡಿಸಿ, ರಸ್ತೆ ಬಿಟ್ಟು, ಮತ್ತೆ ಹಂಚುವ ಏರ್ಪಾಡು 1961ರ ಕಾಯ್ದೆಯಲ್ಲೇ ಇದೆ. ನಗರ ಯೋಜನಾ ಸ್ಕೀಮ್ ಎಂದು ಅದಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಗುಜರಾತಿನಲ್ಲಿ ಊರುಗಳ ಅಂಚು ಬೆಳೆದದ್ದು ಹೆಚ್ಚಾಗಿ ಇಂಥ ಸ್ಕೀಮಿನಿಂದ. ನಮ್ಮಲ್ಲಿ ಆ ಅಧ್ಯಾಯವನ್ನು ಯಾರೂ ಅಷ್ಟಾಗಿ ತೆರೆಯುವುದಿಲ್ಲ. ಅದು ಬರುವವರೆಗೆ ಕಡೇಪಕ್ಷ ಹೊಸದಾಗಿ ಹಳದಿಯಾದ ಪ್ರತಿ ತುಂಡಿಗೂ ರಸ್ತೆ ಮತ್ತು ಕಾಲುವೆಯ ಗೆರೆಯನ್ನು ಯೋಜನಾ ಪ್ರಾಧಿಕಾರವೇ ಮೊದಲು ಎಳೆದಿಡಲಿ. ಆಮೇಲೆ ಒಬ್ಬೊಬ್ಬರು ತಮಗೆ ಬೇಕಾದಾಗ ಬಂದರೂ ರಸ್ತೆಗೆ ರಸ್ತೆ ಕೂಡುತ್ತದೆ.

ಒಂದು ಸಾಲು ಅಡಿಕೆ

ಮನೆಯೊಳಗಿನ ರಾಜಿ ಕಚೇರಿಯ ಉತ್ತರಕ್ಕಿಂತ ಮೊದಲು ಆಯಿತು. ತೋಟ ಪೂರ್ತಿ ಕೊಡಲ್ಲ ಅಂದಿದ್ದ ಹಿರಿಯರು 10 ಅಡಿ ಬಿಡಲು ಒಪ್ಪಿದರು. 9 ಅಡಿಗೊಂದು ಗಿಡದ ಲೆಕ್ಕದಲ್ಲಿ ಒಂದು ಸಾಲು, ಸುಮಾರು 60 ಮರ. ಅದರಿಂದ ಅಗಲ 66ರಿಂದ 76 ಅಡಿಗೆ ಏರಿತು. ಸೈಟಿನ ಆಳ 46 ಅಡಿಗೆ ಬಂತು. 25×46ರ 16 ಸೈಟು ಕೂತವು, ತಮ್ಮಂದಿರಿಗೆ ತಲಾ ಎಂಟು. ಹಿರಿಯರ ಉಳಿದ ತೋಟಕ್ಕೆ 30 ಅಡಿ ರಸ್ತೆಯ ಮುಖ ಸಿಕ್ಕಿತು. ನಾಳೆ ಅವರ ಮಕ್ಕಳು ಏನು ಮಾಡಿದರೂ ರಸ್ತೆಗೆ ಅವರ ಪಾಲು ಸಂದಾಯವಾಗಿದೆ ಎಂದು ಮೂವರೂ ಸಹಿ ಹಾಕಿ ನೋಂದಣಿ ಮಾಡಿಸಿದರು. ಪಾರ್ಕ್ ಹಿಂದೆ, ಬಸಿಗಾಲುವೆ ಪಕ್ಕ. ನಿಯಮ ಹೇಳದಿದ್ದರೂ ಹಾಗೇ ಬರೆದೆ.

“60 ಮರ ಅಂದ್ರೆ ಸುಮ್ನೆ ಅಲ್ಲ ಕಣೋ,” ಅಂತ ಹಿರಿಯರು ನಡುವಿನ ತಮ್ಮನಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ತಮ್ಮ ಮಾತಾಡಲಿಲ್ಲ. ಬ್ರೋಕರನ ಮುಂಗಡವನ್ನು ಮಾತ್ರ ವಾಪಸ್ ಕೊಟ್ಟು ಬಂದರು. ಮದುವೆಗೆ ಸದ್ಯಕ್ಕೆ ಸಾಲ ಮಾಡಿದ್ದಾರೆ.

ಕಚೇರಿಯಲ್ಲಿ ನಮ್ಮನ್ನು ಕರೆದು ಕೇಳಿದ್ದಾರೆ. ರಸ್ತೆಯ ಗೆರೆ ಸರಿಸುವುದನ್ನು ಪರಿಶೀಲಿಸುತ್ತೇವೆ ಎಂದರು. ಪಾರ್ಕನ್ನು ಕಾಲುವೆ ಬದಿಗೆ ಬಿಡುವ ಸಾಲಿನ ಬಗ್ಗೆ, ಒಂದು ಜಮೀನಿನ ಆಕ್ಷೇಪಣೆಯಿಂದ ಇಡೀ ನಿಯಮಾವಳಿ ಬದಲಿಸಲು ಬರುತ್ತದಾ ಎಂದು ಕೇಳಿದರು. ಅಂತಿಮ ನಕ್ಷೆ ಇನ್ನೂ ಬಂದಿಲ್ಲ. ಈ ನಡುವೆ ಬಸಿಗಾಲುವೆಯ ಆಚೆ ದಂಡೆಯ ಜಮೀನಿನವರಿಗೆ ವಿಷಯ ಗೊತ್ತಾಗಿದೆ. ರಸ್ತೆ ಈ ಕಡೆಯಿಂದ ಸರಿದರೆ ಅವರ ಕಡೆಗೆ ಬರುತ್ತದೆ, ಅವರದೂ ಸಣ್ಣ ಹಿಡುವಳಿಯೇ. ಅವರ ಸಿಟ್ಟು ನ್ಯಾಯವಾದದ್ದು. ಅದಕ್ಕೇ ಆ ರಸ್ತೆಯ ಹೊರೆಯನ್ನು ಎರಡೂ ದಂಡೆಯವರು ಹಂಚಿಕೊಳ್ಳುವ ಹಾಗೆ ಸ್ಕೀಮ್ ಬೇಕು ಅನ್ನುವುದು. ಅವರೂ ಆಕ್ಷೇಪಣೆ ಹಾಕುತ್ತಾರಂತೆ. ಅದರ ನಕ್ಷೆ ಬರೆದುಕೊಡಿ ಅಂತ ನನ್ನ ಹತ್ತಿರವೇ ಬಂದಿದ್ದರು. ಎರಡೂ ಕಡೆಯವರು ಒಟ್ಟಿಗೆ ಕೂತರೆ ಬರೆದುಕೊಡುತ್ತೇನೆ ಎಂದಿದ್ದೇನೆ.